ಚನ್ನಬಸಪ್ಪನವರ ಸೋಮವಾರ

ಚನ್ನಬಸಪ್ಪನವರು ಹುಲ್ಲಿಗೆ ಬೈಯುತ್ತಿದ್ದರು. ಮನುಷ್ಯರಿಗೆ ಬೈಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತುಮಕೂರಿನ ಆಸ್ಪತ್ರೆಯೊಂದಕ್ಕೆ ನರ್ಸಾಗಿ ಸೇರಿ, ನರ್ಸುಗಳ ಮೇಲ್ವಿಚಾರಕಿಯಾಗಿ ನಿವೃತ್ತಳಾದ ನನಗೆ ಬೈಗುಳ ಹೊಸದೇನಲ್ಲ. ಆದರೆ ಟ್ರ್ಯಾಕ್ಟರಿನ ಸೀಟಿನಲ್ಲಿ ಅರ್ಧ ಹಿಂದಕ್ಕೆ ತಿರುಗಿ ಕೂತು, ಹೊಲದ ತುಂಬ ಹರಡಿ ಬಿದ್ದ ರಾಗಿ ಹುಲ್ಲನ್ನು ನೋಡುತ್ತ, "ಏಯ್, ಎತ್ಲಾಗ್ ಹೋಯ್ತೀಯ, ಬಾ ಸಾಲಿಗೆ" ಎಂದು ಗದರುವ ಮನುಷ್ಯ ಅವರೊಬ್ಬರೇ.

ಹುಲ್ಲು ಸಾಲಿಗೆ ಬರುತ್ತಿತ್ತು. ಅವರ ಟ್ರ್ಯಾಕ್ಟರಿನ ಹಿಂದೆ ಓರೆಯಾಗಿ ಕಟ್ಟಿದ ಒಂದು ಚೌಕಟ್ಟು, ಅದಕ್ಕೆ ಎದೆಯೆತ್ತರದ ಕಬ್ಬಿಣದ ಚಕ್ರಗಳು, ಚಕ್ರದ ಸುತ್ತ ಬೆರಳಿನಂತೆ ಬಾಗಿದ ಉಕ್ಕಿನ ಕಡ್ಡಿಗಳು. ಟ್ರ್ಯಾಕ್ಟರ್ ಮುಂದೆ ಹೋದಂತೆ ನೆಲಕ್ಕೆ ತಾಗಿ ಚಕ್ರಗಳು ತಾವಾಗಿಯೇ ತಿರುಗುತ್ತಿದ್ದವು. ಒಂದು ಚಕ್ರ ದೂಡಿದ ಹುಲ್ಲನ್ನು ಮುಂದಿನದು ದೂಡಿ, ಕೊನೆಗೆ ಹೊಲದುದ್ದಕ್ಕೂ ಹೆಣೆದ ಜಡೆಯಂಥ ಒಂದು ಸಾಲು ಬೀಳುತ್ತಿತ್ತು. ಊರಿನ ಗಂಡಸರು ಅದನ್ನು ರೇಕ್ ಎನ್ನುತ್ತಿದ್ದರು, ಹೆಂಗಸರು ಚಕ್ರದ ಮಿಷಿನ್ ಎನ್ನುತ್ತಿದ್ದರು. ಕುಡುಗೋಲಿನಲ್ಲಿ ರಾಗಿ ಕೊಯ್ಯುವ ಕಾಲದಲ್ಲಿ ಇದರ ಅಗತ್ಯವಿರಲಿಲ್ಲ. ಈಗ ಕಟಾವಿನ ಮಿಷಿನ್ ಬಂದು ತೆನೆ ತಿಂದು ಹುಲ್ಲನ್ನು ಹೊಲದ ತುಂಬ ಉಗುಳಿ ಹೋಗುತ್ತದೆ. ಹುಲ್ಲನ್ನು ಸುತ್ತಿ ಉಂಡೆ ಕಟ್ಟುವ ಇನ್ನೊಂದು ಮಿಷಿನ್ ಸಾಲಿನಲ್ಲಿರುವ ಹುಲ್ಲನ್ನು ಮಾತ್ರ ಎತ್ತುತ್ತದೆ. ನಡುವೆ ಸಾಲು ಮಾಡುವವರು ಯಾರಾದರೂ ಬೇಕು. ನಮ್ಮೂರಿಗೆ ಚನ್ನಬಸಪ್ಪನವರಿದ್ದರು.

ನಮ್ಮೂರು ಗುಬ್ಬಿಗೂ ಬೆಳ್ಳಾವಿಗೂ ನಡುವೆ ಇದೆ. ನೌಕರಿಯ ಕಾಲವನ್ನೆಲ್ಲ ತುಮಕೂರಿನ ಬಟವಾಡಿಯ ಬಾಡಿಗೆ ಮನೆಯಲ್ಲಿ ಕಳೆದ ನಾನು, ನಿವೃತ್ತಿಯಾದ ಮೇಲೆ ತಂದೆ ನನ್ನ ಪಾಲಿಗೆ ಬಿಟ್ಟ ಹೊಲಕ್ಕೆ ಬಂದು ನಿಂತೆ. ಎರಡು ಹಸು ಕಟ್ಟಿದೆ. ಬೆಳಗ್ಗೆ ಏಳುವುದು, ಹಾಲು ಕರೆಯುವುದು, ಕೊಟ್ಟಿಗೆ ತೊಳೆಯುವುದು ಎಲ್ಲಕ್ಕೂ ಹೊತ್ತು ಗೊತ್ತುಮಾಡಿಕೊಂಡು ಬದುಕುವವಳು ನಾನು. ನಮ್ಮ ಹೊಲಕ್ಕೆ ಮೊದಲ ಸಲ ರೇಕ್ ತಂದ ದಿನ ಚನ್ನಬಸಪ್ಪನವರು ಹೇಳಿದ ಹೊತ್ತಿಗಿಂತ ತಡವಾಗಿ ಬಂದರು. ನಾನು ಗಡಿಯಾರ ತೋರಿಸಿದೆ. ಅವರು ಗಡಿಯಾರ ನೋಡಲಿಲ್ಲ, ಇಳಿದು ಹೊಲದೊಳಕ್ಕೆ ನಡೆದರು. ಒಂದೊಂದಾಗಿ ಕಲ್ಲು ಎತ್ತಿ ಬದುವಿನ ಮೇಲೆ ಎಸೆಯತೊಡಗಿದರು.

"ಸಿಸ್ಟ್ರಮ್ಮ, ಇದೇನ್ ಹೊಲನೋ, ಜಲ್ಲಿ ಕ್ರಷರ್ರೋ? ನನ್ ಕಡ್ಡಿ ಮುರುದ್ರೆ ನೀವು ಬ್ಯಾಂಡೇಜ್ ಕಟ್ತೀರಾ?"

ನಾನೂ ಸೆರಗು ಸಿಕ್ಕಿಸಿ ಕಲ್ಲು ಆರಿಸಿದೆ. ಬೈಯುತ್ತಲೇ ಇಬ್ಬರೂ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಹೋದೆವು. ಅಂದಿನಿಂದ ನಾನು ಅವರಿಗೆ ಸಿಸ್ಟ್ರಮ್ಮ. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವರು. ಹೆಂಡತಿ ತೀರಿಕೊಂಡಿದ್ದರು, ಮಗಳನ್ನು ಕುಣಿಗಲ್‌ಗೆ ಕೊಟ್ಟಿದ್ದರು. ಹಣೆಯ ತುಂಬ ವಿಭೂತಿ, ಖಾಕಿ ಚಡ್ಡಿಯ ಮೇಲೆ ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಕುತ್ತಿಗೆಯಲ್ಲಿ ಒಂದು ಕರ್ಚೀಫು. ಎತ್ತರದ ದನಿ. ಅವರು ಬೇಡವೆಂದರೂ ಆ ದನಿ ಮೂರು ಹೊಲದಾಚೆಗೆ ಕೇಳುತ್ತಿತ್ತು.

ಅವರ ಜಗಳಗಳು ನಮಗೆಲ್ಲ ಮನರಂಜನೆ. ಬೆಳ್ಳಾವಿ ರಸ್ತೆಯಲ್ಲಿ ಯಾರೋ ಹುರುಳಿ ಗಿಡವನ್ನು ಟಾರಿನ ಮೇಲೆ ಹರಡಿದ್ದರು, ಹೋಗಿಬರುವ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸಲಿ ಎಂದು. ಸುಗ್ಗಿಯಲ್ಲಿ ಇದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಚನ್ನಬಸಪ್ಪನವರು ನಡು ರಸ್ತೆಯಲ್ಲೇ ಟ್ರ್ಯಾಕ್ಟರ್ ನಿಲ್ಲಿಸಿದರು. ಹಿಂದೆ ಬಸ್ಸು, ಅದರ ಹಿಂದೆ ಆಟೋಗಳು. ಹುರುಳಿಯವನು ಓಡಿ ಬಂದು, ಮೇಲೇ ಹತ್ತಿಸಿಕೊಂಡು ಹೋಗಣ್ಣ ಎಂದ. ಇವರು ಜಗ್ಗಲಿಲ್ಲ. "ಸರ್ಕಾರದ್ ಬಸ್ಸು ನಿನ್ನ ಮನೆ ಎತ್ತೇನ್ಲಾ? ಕಣ ಮಾಡಕ್ಕೆ ಸೋಂಬೇರಿತನ, ಊರೋರ್ ಟೈರಲ್ಲಿ ಕಾಳು ಬ್ಯಾರೆ" ಎಂದು ಬೈದು, ಬಸ್ಸಿನ ಡ್ರೈವರನ್ನೂ ಇಳಿಸಿ, ಇಬ್ಬರೂ ಸೇರಿ ಹುರುಳಿಯನ್ನು ರಸ್ತೆಯ ಒಂದು ಬದಿಗೆ ಒತ್ತರಿಸಿದರು. ಬಸ್ಸಿನಲ್ಲಿದ್ದ ನಾನು ಕಿಟಕಿಯಿಂದ ನೋಡಿದೆ. ಒತ್ತರಿಸಿದ್ದು ಕೂಡ ನೇರವಾದ ಸಾಲಾಗಿತ್ತು.

ಇಂಥ ಮನುಷ್ಯ ಸೋಮವಾರ ಮಾತ್ರ ಯಾರಿಗೂ ಸಿಗುತ್ತಿರಲಿಲ್ಲ.

ಶಿವನ ಒಕ್ಕಲಾದ ನಮ್ಮ ಮನೆಗಳಲ್ಲಿ ಸೋಮವಾರ ಎತ್ತಿನ ಕುತ್ತಿಗೆಗೆ ನೊಗ ಇಡುವುದಿಲ್ಲ. ಬಸವಣ್ಣನಿಗೆ ಅದು ರಜೆ. ನನ್ನ ತಂದೆ ಬಿತ್ತನೆಯ ಹದ ತಪ್ಪುತ್ತಿದ್ದರೂ ಸೋಮವಾರ ಎತ್ತು ಕಟ್ಟಿದವರಲ್ಲ. ಆದರೆ ಊರಲ್ಲಿ ಎತ್ತುಗಳು ಹೋದವು, ಟ್ರ್ಯಾಕ್ಟರುಗಳು ಬಂದವು, ಸೋಮವಾರವೂ ಸುಮ್ಮನೆ ಹೋಯಿತು. ಡೀಸೆಲ್ ಕುಡಿಯುವುದಕ್ಕೆ ಯಾವ ರಜೆ? ಚನ್ನಬಸಪ್ಪನವರೊಬ್ಬರೇ ಬಿಡಲಿಲ್ಲ. ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಬಸವಣ್ಣನ ಗುಡಿಗೆ ಹೋಗಿ ಬಂದು, ಜಗಲಿಯ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ಸಂಜೆಯವರೆಗೆ ಉಪವಾಸ. ಕೆಲಸವೆಂಬುದನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ಆ ಕೂರುವುದರಲ್ಲೂ ಒಂದು ಗಟ್ಟಿತನವಿತ್ತು.

ಊರಿಗೆ ಬಂದ ಮೊದಲ ಸುಗ್ಗಿಯಲ್ಲಿ ನನಗೆ ಇದು ಗೊತ್ತಿರಲಿಲ್ಲ. ಸೋಮವಾರ ಬನ್ನಿ ಎಂದು ಕರೆಯಲು ಹೋದೆ. ಆಗುವುದಿಲ್ಲವೆಂದರು. ಟ್ರ್ಯಾಕ್ಟರಿಗೂ ಸೋಮವಾರವೇ ಎಂದು ನಕ್ಕೆ. ಅವರಿಗೆ ರೇಗಿತು.

"ಎತ್ತು ಮಾರ್ದೋ ಸಿಸ್ಟ್ರಮ್ಮ. ಎತ್ತಿನ್ ಕೆಲ್ಸ ಮಾರ್ದ್ವಾ? ಅದನ್ನ ಈಗ ಮಾಡ್ತಾ ಇರೋದು ಯಾರು, ನಾನು. ಎತ್ತಿಗ್ ಇದ್ದ ಸೋಮ್ವಾರ ನಂಗ್ ಸೇರ್ಬೇಕಾ ಬ್ಯಾಡ್ವಾ?"

ನಾನು ನಗು ನಿಲ್ಲಿಸಿದೆ. ವಾರದ ರಜೆ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವರ್ಷಗಟ್ಟಲೆ ನರ್ಸುಗಳ ಡ್ಯೂಟಿ ಹಾಕಿದವಳು. ರಜೆ ಕಿತ್ತುಕೊಂಡ ವಾರ್ಡಿನಲ್ಲಿ ಸೂಜಿ ಹೇಗೆ ತಪ್ಪುತ್ತದೆ, ಮಾತು ಹೇಗೆ ಒರಟಾಗುತ್ತದೆ ಎಂದು ಕಣ್ಣಾರೆ ನೋಡಿದವಳು. ಆಮೇಲೆ ನನ್ನ ಹೊಲದ ಸರದಿಯನ್ನು ಸೋಮವಾರಕ್ಕೆ ಹಾಕಿಸಿಕೊಂಡಿದ್ದಿಲ್ಲ.

ಟ್ರ್ಯಾಕ್ಟರೂ ರೇಕೂ ಅವರದಲ್ಲ, ಊರಿನ ರೈತರ ಸಂಘದ್ದು. ಸಬ್ಸಿಡಿಯಲ್ಲಿ ಬಂದದ್ದು. ನಾನೂ ಸದಸ್ಯೆ. ಓಡಿಸಲು ಅವರನ್ನು ಕರೆದ ದಿನ, ಗುಡಿಯ ಮುಂದೆ ಎಲ್ಲರೂ ಕೂತಿದ್ದಾಗ, ಅವರು ಒಂದೇ ಕರಾರು ಹಾಕಿದ್ದರಂತೆ: ಸೋಮವಾರ ಒಂದು ಬಿಟ್ಟು ಯಾವ ದಿನ ಯಾವ ಹೊತ್ತಿಗೆ ಕರೆದರೂ ಬರುತ್ತೇನೆ. ಸಂಘದ ಅಧ್ಯಕ್ಷ ಪರಮಶಿವಯ್ಯ ಆಗ ದೊಡ್ಡ ಮನಸ್ಸಿನಿಂದ ಒಪ್ಪಿ, ತಮ್ಮ ಮನೆಯಲ್ಲೂ ತಾತನ ಕಾಲದಿಂದ ಸೋಮವಾರ ಎತ್ತು ಕಟ್ಟುವುದಿಲ್ಲ ಎಂದು ಹೇಳಿಕೊಂಡರಂತೆ. ಪರಮಶಿವಯ್ಯನವರಿಗೆ ಗುಬ್ಬಿಯಲ್ಲಿ ಗೊಬ್ಬರದ ಅಂಗಡಿ, ಊರಲ್ಲಿ ತೆಂಗಿನ ತೋಟ, ಎಲ್ಲೆಲ್ಲೂ ಮಾತು.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ಕಾರ್ತೀಕ ಮುಗಿಯುವ ಹೊತ್ತು. ಭಾನುವಾರ ಕಟಾವಿನ ಮಿಷಿನ್ ಬಂದು ಊರಿನ ಮುಕ್ಕಾಲು ರಾಗಿ ಕೊಯ್ದು ಹೋಯಿತು. ಹುಲ್ಲೆಲ್ಲ ಹೊಲದಲ್ಲಿ ಬಿದ್ದಿದೆ. ಉಂಡೆ ಕಟ್ಟುವ ಮಿಷಿನ್ ಕುಣಿಗಲ್ ಕಡೆಯಿಂದ ಬರಬೇಕು. ಆ ಮಿಷಿನಿನವರಿಗೆ ಬಿಡುವಿದ್ದದ್ದು ಸೋಮವಾರ ಒಂದೇ. ಬೆಳಗ್ಗೆ ನೋಡಿದರೆ ಪೂರ್ವದಲ್ಲಿ ಮೋಡ. ಕಡಲಲ್ಲಿ ಚಂಡಮಾರುತ, ಸಂಜೆಗೆ ಮಳೆ ಎಂದು ಎಲ್ಲರ ಫೋನಿನಲ್ಲೂ ಬಂದಿತ್ತು. ಬಿದ್ದ ಹುಲ್ಲು ನೆನೆದರೆ ಕಪ್ಪಾಗುತ್ತದೆ. ದನ ಮೂಸುವುದಿಲ್ಲ. ಊರಿನ ದನಗಳಿಗೆ ಮುಂದಿನ ಸುಗ್ಗಿಯವರೆಗೆ ಮೇವು ಅದೇ.

ಚನ್ನಬಸಪ್ಪನವರ ಮನೆಗೆ ನಾನೇ ಹೋದೆ. ಕೂದಲು ಇನ್ನೂ ಒದ್ದೆ. ಜಗಲಿಯ ಮೇಲೆ ಕಾಲು ಚಾಚಿದ್ದರು. ನನ್ನನ್ನು ನೋಡಿ ಕಾಲು ಮಡಚಿದರು, ಏಳಲಿಲ್ಲ. ನಾನು ಆಸ್ಪತ್ರೆಯ ಲೆಕ್ಕದಲ್ಲೇ ಮಾತಾಡಿದೆ. ಅಪಘಾತದ ಬಸ್ಸು ಬಂದರೆ ರಜೆಯಲ್ಲಿದ್ದ ನರ್ಸನ್ನೂ ಕರೆಸುತ್ತಿದ್ದೆ, ಆದರೆ ಆ ರಜೆಯನ್ನು ಇನ್ನೊಂದು ದಿನ ಕೊಡದೆ ಬಿಟ್ಟವಳಲ್ಲ, ಇವತ್ತು ಬನ್ನಿ, ನಾಳೆ ನಿಮ್ಮ ರಜೆ ಎಂದೆ. ಅವರು ಮೋಡ ನೋಡಿದರು, ಗುಡಿಯ ಕಡೆ ನೋಡಿದರು. ಕೊನೆಗೆ, "ನೀವಂದಿದ್ ನ್ಯಾಯ. ಆದ್ರೆ ಅದನ್ನ ಅಧ್ಯಕ್ಷರು ಎಲ್ರ ಮುಂದೆ ಹೇಳ್ಲಿ" ಎಂದು ಎದ್ದರು.

ಗುಡಿಯ ಮುಂದೆ ಊರೇ ಸೇರಿತ್ತು. ಪರಮಶಿವಯ್ಯ ಕಿವಿಗೆ ಫೋನ್ ಒತ್ತಿಕೊಂಡಿದ್ದರು. ಚನ್ನಬಸಪ್ಪನವರು ಅವರೆದುರು ನಿಂತು, ಇವತ್ತು ರೇಕ್ ಹೊಡೆಯುತ್ತೇನೆ, ನಾಳೆ ಬರುವುದಿಲ್ಲ, ನಾಳೆ ನನ್ನ ಸೋಮವಾರ, ಒಪ್ಪಿಗೆಯೋ ಎಂದು ಕೇಳಿದರು. ಪರಮಶಿವಯ್ಯ ಫೋನಿನ ಮೇಲೆ ಅಂಗೈ ಮುಚ್ಚಿ ಸುತ್ತ ನೋಡಿದರು.

"ಎತ್ತು ಎಲ್ಲಾದ್ರೂ ರಜಾ ಕೇಳ್ತದೇನಯ್ಯ?"

ಕೆಲವರು ನಕ್ಕರು.

"ಕೇಳಕ್ಕಿಲ್ಲ," ಎಂದರು ಚನ್ನಬಸಪ್ಪನವರು. "ಅದ್ಕೇ ನಮ್ ಹಿರೇರು ಅದು ಕೇಳ್ದಿದ್ರೂ ಕೊಟ್ರು."

ನಗು ನಿಂತಿತು. ಪರಮಶಿವಯ್ಯ, "ಆಯ್ತಪ್ಪ, ತಗಳಯ್ಯ ನಾಳೆ, ಮೊದ್ಲು ಗಾಡಿ ತೆಗಿ" ಎಂದರು. ಅಲ್ಲಿದ್ದವರೆಲ್ಲರೂ ಕೇಳಿದರು. ನಾನೂ ಕೇಳಿದೆ.

ಆ ದಿನ ಅವರು ಹೊಡೆದ ಹಾಗೆ ಯಾರೂ ಹೊಡೆದಿದ್ದನ್ನು ನಾನು ಕಂಡಿಲ್ಲ. ಒಂದು ಹೊಲ ಮುಗಿಸಿ ಬದುವಿನಲ್ಲಿ ಚಕ್ರ ಎತ್ತಿ ಪಕ್ಕದ ಹೊಲಕ್ಕೆ ಇಳಿಯುತ್ತಿದ್ದರು. ಹಿಂದೆಯೇ ಉಂಡೆ ಕಟ್ಟುವ ಮಿಷಿನ್. ಅದರ ಹಿಂದೆ ಊರಿನ ಹೆಣ್ಣುಗಂಡೆಲ್ಲ ಉಂಡೆ ಉರುಳಿಸಿಕೊಂಡು ಗಾಡಿಗೆ ತುಂಬುತ್ತಿದ್ದರು. ನಾನು ಮಜ್ಜಿಗೆ ಕೊಟ್ಟು ಕಳಿಸಿದೆ. ಉಪವಾಸವೆಂದು ಹಾಗೇ ವಾಪಸ್ ಬಂತು. ಸರದಿಯಲ್ಲಿ ಯಾರನ್ನೂ ಮುಂದೆ ತರಲಿಲ್ಲ, ಯಾರನ್ನೂ ಹಿಂದೆ ಹಾಕಲಿಲ್ಲ. ಅಧ್ಯಕ್ಷರ ಹೊಲವೂ ಅದರ ಸರದಿಗೇ ಆಯಿತು. ನನ್ನ ಹೊಲಕ್ಕೆ ಬಂದಾಗ ಗಮನಿಸಿದೆ: ಅವರು ಹುಲ್ಲಿಗೆ ಬೈಯುತ್ತಿರಲಿಲ್ಲ. ತುಟಿ ಬಿಗಿದು ಹಿಂದೆ ನೋಡುತ್ತ ಸುಮ್ಮನೆ ಹೋಗುತ್ತಿದ್ದರು. ಕೊನೆಯ ಹೊಲದ ಉಂಡೆಗಳ ಮೇಲೆ ಟಾರ್ಪಾಲು ಎಳೆಯುವಾಗ ಹನಿ ಬಿತ್ತು. ಊರಿನ ಒಂದು ಮನೆಯ ಹುಲ್ಲೂ ನೆನೆಯಲಿಲ್ಲ.

ಮರುದಿನ ಮಂಗಳವಾರ. ಬೆಳಗಿನ ಹೊತ್ತಿಗೆ ಮಳೆ ಬಿಟ್ಟು ಬಿಸಿಲು ಬಂತು. ಗುಬ್ಬಿಯ ಹತ್ತಿರ ಪರಮಶಿವಯ್ಯನವರ ಬಾಮೈದನ ಹೊಲ. ಅಲ್ಲಿ ಹುಲ್ಲು ನೆನೆದು ಬಿದ್ದಿತ್ತು, ತಿರುವಿ ಹಾಕಿದರೆ ಒಣಗುತ್ತಿತ್ತು. ಆತ ಸಂಘದ ಸದಸ್ಯನೂ ಅಲ್ಲ. ರೇಕ್ ತೆಗೆದುಕೊಂಡು ಹೋಗು ಎಂದು ಪರಮಶಿವಯ್ಯ ಹೇಳಿ ಕಳಿಸಿದರು. ಚನ್ನಬಸಪ್ಪನವರು, "ಇವತ್ತು ನನ್ ಸೋಮ್ವಾರ" ಎಂದರು. ಮಧ್ಯಾಹ್ನಕ್ಕೆ ಅಧ್ಯಕ್ಷರೇ ಮನೆ ಬಾಗಿಲಿಗೆ ಹೋಗಿ ಕೀ ಕೇಳಿದರು. ಇವರು ತೆಗೆದುಕೊಟ್ಟರು. ಬೇರೆ ಡ್ರೈವರ್ ಬಂದ. ಸಂಜೆ ಗುಡಿಯ ಮುಂದೆ ಸಭೆ ಸೇರಿಸಿ, ಮಂಗಳವಾರ ಕೆಲಸಕ್ಕೆ ಬರದವನು ನಾಳೆ ಬುಧವಾರವೂ ಬರುವುದಿಲ್ಲ, ಇಷ್ಟ ಬಂದಾಗ ಓಡಿಸುವವರಿಗೆ ಸಂಘದ ಮಿಷಿನ್ ಕೊಡಲಾಗುವುದಿಲ್ಲ ಎಂದು ಹೇಳಿ ಮುಗಿಸಿಬಿಟ್ಟರು.

ನಾನು ಎದ್ದು ನಿಂತೆ. ನಿನ್ನೆ ಬೆಳಗ್ಗೆ ಇದೇ ಜಾಗದಲ್ಲಿ ನೀವು ಕೊಟ್ಟ ಮಾತು ಏನಾಯಿತು ಎಂದು ಕೇಳಿದೆ. ಮಳೆ ಬರುವ ಹೊತ್ತಲ್ಲಿ ಆಡಿದ್ದನ್ನೆಲ್ಲ ಹಿಡಿದುಕೊಂಡು ಕೂರಲಾಗುತ್ತದೆಯೇ ಎಂದರು. ನಾನು ಕೂತವರ ಕಡೆ ತಿರುಗಿದೆ. ವಾರ್ಡಿನಲ್ಲಿ ಮಂಚದಿಂದ ಮಂಚಕ್ಕೆ ಹೋಗುವ ಹಾಗೆ ಒಬ್ಬೊಬ್ಬರ ಹೆಸರು ಹಿಡಿದು ಕೇಳಿದೆ: ನಿಮ್ಮ ಹುಲ್ಲು ನಿನ್ನೆ ಉಳಿಯಿತೋ ಇಲ್ಲವೋ? ನೀವು ಆ ಮಾತು ಕೇಳಿಸಿಕೊಂಡಿರೋ ಇಲ್ಲವೋ? ಒಬ್ಬರು ಚಪ್ಪಲಿ ನೋಡಿಕೊಂಡರು. ಒಬ್ಬರು ಎಲೆಯಡಿಕೆ ಬಿಚ್ಚಿದರು. ಇನ್ನೊಬ್ಬರು ಆಗ ಹಾಲಿನ ಡೇರಿಗೆ ಹೋಗಿದ್ದೆ ಎಂದರು. ಹೋಗಿರಲಿಲ್ಲ, ನನ್ನ ಪಕ್ಕದಲ್ಲೇ ನಿಂತಿದ್ದರು.

"ಅಕ್ಕಾರೆ, ಇದು ನಿಮ್ ಆಸ್ಪತ್ರೆ ಅಲ್ಲ. ಸುಮ್ನೆ ಕೂತ್ಕಳಿ," ಎಂದರು ಪರಮಶಿವಯ್ಯ.

ನಾನು ಕೂರಲಿಲ್ಲ. ಚನ್ನಬಸಪ್ಪನವರ ಕಡೆ ನೋಡಿದೆ. ಅವರು ಕಂಬಕ್ಕೆ ಒರಗಿ ಕೂತಿದ್ದರು. ಒಂದು ಕಲ್ಲಿಗೆ, ಒಂದು ಹಿಡಿ ಹುರುಳಿಗೆ ಊರು ಒಂದಾಗುವಂತೆ ಕೂಗುತ್ತಿದ್ದ ಮನುಷ್ಯ. ಆ ದನಿ ಬೇಕಾಗಿದ್ದದ್ದು ಆ ಸಂಜೆಯೇ. ಅವರು ಕರ್ಚೀಫು ಕೊಡವಿ ಎದ್ದು, "ಬುಡಿ ಸಿಸ್ಟ್ರಮ್ಮ" ಎಂದಷ್ಟೇ ಹೇಳಿ ಮನೆ ಕಡೆ ನಡೆದರು. ಪರಮಶಿವಯ್ಯನವರ ಮೇಲೆ ನನಗೆ ಬಂದ ಸಿಟ್ಟು ಒಂದು ತೂಕವಾದರೆ, ಆ ಬೆನ್ನು ನೋಡಿ ಬಂದ ಸಿಟ್ಟು ಅದಕ್ಕಿಂತ ಹೆಚ್ಚಿತ್ತು. ವಾರ ಕಳೆಯುವುದರಲ್ಲಿ ಮನೆಗೆ ಬೀಗ ಹಾಕಿ ಕುಣಿಗಲ್‌ಗೆ, ಮಗಳ ಮನೆಗೆ ಹೊರಟುಹೋದರು.

ಊರು ತಣ್ಣಗೆ ಇತ್ತು. ಪ್ರತಿ ಮನೆಯ ಹಿತ್ತಲಲ್ಲೂ ಅವರು ಉಪವಾಸವಿದ್ದು ಸಾಲು ಮಾಡಿದ ಹುಲ್ಲಿನ ಉಂಡೆಗಳು. ದನಗಳು ಮೆಲ್ಲುತ್ತಿದ್ದವು. ಜನ ಹಾಲು ಅಳೆಯುತ್ತಿದ್ದರು. ಡೇರಿಯ ಸಾಲಿನಲ್ಲಿ ಯಾರಾದರೂ ನನ್ನನ್ನು ಮಾತಾಡಿಸಿದರೆ, ಹಾಲಿನ ವಿಷಯ ಬಿಟ್ಟು ಬೇರೆ ಮಾತಿಗೆ ನಾನು ಉತ್ತರ ಕೊಡುತ್ತಿರಲಿಲ್ಲ.

ಬೇಸಿಗೆಯಲ್ಲಿ ಬಸ್ಸು ಹತ್ತಿ ಕುಣಿಗಲ್‌ಗೆ ಹೋದೆ. ಕೆರೆಯಿಂದ ಸ್ವಲ್ಪ ದೂರದಲ್ಲಿ ಮಗಳ ಮನೆ, ಮುಂದುಗಡೆ ಅವಳ ಟೈಲರಿಂಗ್ ಅಂಗಡಿ. ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರು ಕೂತಿದ್ದರು. ಮೈ ಸೊರಗಿತ್ತು. ಪಾದ ಊದಿತ್ತು. ನನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೇ. ಬೆರಳಿಂದ ಒತ್ತಿ ನೋಡಿ, ಯಾವ ಡಾಕ್ಟರ ಹತ್ತಿರ ಹೋದಿರಿ, ಏನು ಮಾತ್ರೆ ಎಂದು ವಿಚಾರಿಸಿ, ಉಪ್ಪು ಕಡಿಮೆ ಮಾಡಲು ಮಗಳಿಗೆ ಹೇಳಿ, ಆಮೇಲೆ ಎದುರು ಕೂತು ಎದೆಯಲ್ಲಿದ್ದದ್ದನ್ನು ಕೇಳಿದೆ. ಅಂದು ಯಾಕೆ ಬಾಯಿ ಬಿಡಲಿಲ್ಲ? ನಾನೊಬ್ಬಳೇ ನಿಂತು ಕೂಗಬೇಕಾಗಿತ್ತೇ?

"ಹುಲ್ಲಿಗ್ ಬೈದ್ರೆ ಸಾಲಿಗ್ ಬರ್ತದೆ ಸಿಸ್ಟ್ರಮ್ಮ. ಅವ್ರು ಬರ್ತಾರಾ?"

ನನಗೆ ಆ ಉತ್ತರ ಸಾಲದೆಂದು ಹೇಳಿದೆ. ಅವರು ತಲೆಯಾಡಿಸಿದರು. ರೇಕಿನ ಚಕ್ರಗಳಿಗೆ ಗ್ರೀಸ್ ಹೊಡೆಯುತ್ತಾರೋ ಎಂದು ಕೇಳಿದರು. ಇಲ್ಲ, ಕಡ್ಡಿಗಳು ಮುರಿದಿವೆ, ಶೆಡ್ಡಿನಾಚೆ ಮಳೆಯಲ್ಲಿ ನಿಲ್ಲಿಸುತ್ತಾರೆ ಎಂದೆ. ನಿಜವನ್ನೇ ಹೇಳಿದೆ, ರೇಗಲಿ ಎಂದೇ ಹೇಳಿದೆ. ರೇಗಲಿಲ್ಲ. ಮಗಳು ಚಹಾ ತಂದಳು. ಕುಡಿಯುತ್ತ, ಸೋಮವಾರ ಈಗಲೂ ಉಪವಾಸ ಇದ್ದೀರಾ, ಈ ಊತಕ್ಕೆ ಅದೆಲ್ಲ ಬೇಡ ಎಂದೆ. ಅವರು ಖಾಲಿ ಲೋಟವನ್ನು ಕುರ್ಚಿಯ ಕೆಳಗಿಟ್ಟರು.

"ಯಾವ್ ಸೋಮ್ವಾರ? ಈಗ ದಿನಾ ಸೋಮ್ವಾರನೇ ಅಲ್ವಾ."

ಅದಾದ ಮೇಲೆ ನಾನು ಅವರನ್ನು ನೋಡಲಿಲ್ಲ. ರಾಗಿ ಪೈರು ಮೊಣಕಾಲೆತ್ತರ ಬಂದಿದ್ದಾಗ ಮಗಳು ಫೋನ್ ಮಾಡಿ, ಬೆಳಗ್ಗೆ ಎಬ್ಬಿಸಿದರೆ ಏಳಲಿಲ್ಲ ಎಂದಳು. ನಾನು ಹೋಗುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು.

ಊರಿಗೆ ಹಿಂತಿರುಗಿದರೆ ಮಿಷಿನ್ ಶೆಡ್ಡಿನ ಮೇಲೆ ಫ್ಲೆಕ್ಸ್ ಕಟ್ಟಿದ್ದರು. ಭಾವಪೂರ್ಣ ಶ್ರದ್ಧಾಂಜಲಿ. ಮೂಲೆಯಲ್ಲಿ ಆಧಾರ್ ಕಾರ್ಡಿನಿಂದ ಎತ್ತಿದ ಚನ್ನಬಸಪ್ಪನವರ ಮಸುಕು ಮುಖ. ಅದಕ್ಕಿಂತ ದೊಡ್ಡದಾಗಿ, ಕೈ ಮುಗಿದು ನಿಂತ ಪರಮಶಿವಯ್ಯ. ಕೆಳಗೆ ಸಂಘದ ಪದಾಧಿಕಾರಿಗಳೆಲ್ಲರ ಸಾಲು. ಚನ್ನಬಸಪ್ಪನವರ ಹೆಸರಿನ ಹಿಂದೆ ಕಾಯಕಯೋಗಿ ಎಂದು ಅಚ್ಚು ಹಾಕಿಸಿದ್ದರು. ವಾರಕ್ಕೊಂದು ದಿನ ರಜೆ ಕೇಳಿದ್ದಕ್ಕೆ ಕೆಲಸದಿಂದ ಓಡಿಸಿದವರು ಸತ್ತ ಮೇಲೆ ಕೊಟ್ಟ ಬಿರುದು. ಬದುಕಿನಲ್ಲಿ ಗೋಡೆಗೆ ಅಂಟಿಸಿದ್ದನ್ನು ಹರಿದವಳಲ್ಲ ನಾನು. ಅವತ್ತು ಸ್ಟೂಲು ತರಿಸಿ, ಹತ್ತಿ, ಹಗ್ಗ ಕತ್ತರಿಸಿದೆ. ಯಾರೂ ತಡೆಯಲಿಲ್ಲ. ನಮ್ಮೂರಿನವರು ಯಾವುದಕ್ಕೂ ಅಡ್ಡ ಬರುವವರಲ್ಲ.

ಈ ಸಲದ ಸುಗ್ಗಿಯಲ್ಲಿ ಸಂಘದಿಂದ ಫೋನ್ ಬಂತು, ನನ್ನ ಹೊಲದ ಸರದಿ ಸೋಮವಾರವಂತೆ. ಬೇಡವೆಂದು ಹೇಳಿದರೂ ಬೆಳಗ್ಗೆ ಟ್ರ್ಯಾಕ್ಟರ್ ಬಂದು ಬದುವಿನಲ್ಲಿ ನಿಂತಿತು. ಹೊಸ ಡ್ರೈವರ್ ತುಮಕೂರಿನ ಸತ್ಯಮಂಗಲದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಬಿಟ್ಟು ಬಂದವನು, ಸಂಸಾರಸ್ಥ. ಕಣ್ಣು ಕೆಂಪಗಿತ್ತು, ನಿನ್ನೆಯೂ ಮೊನ್ನೆಯೂ ಓಡಿಸಿದ್ದನಂತೆ. ನಿನಗೆ ವಾರದಲ್ಲಿ ಯಾವತ್ತಪ್ಪ ರಜೆ ಎಂದು ಕೇಳಿದೆ.

"ರಜಾನಾ? ಸುಗ್ಗೀಲಿ ರಜಾ ಅಂದ್ರೆ ಇನ್ನೊಬ್ನ ತಂದು ಕೂರಿಸ್ತಾರೆ ಮೇಡಂ," ಎಂದ. ಹೇಳಿ, ರೇಕನ್ನು ಇಳಿಸಲು ಕೈ ಚಾಚಿದ.

ನಾನು ಚಕ್ರಗಳ ಮುಂದೆ ಹೋಗಿ ನಿಂತೆ. ಇಳಿಸಬೇಡ, ಹೋಗಿ ಮಲಗು, ಸಿಸ್ಟ್ರಮ್ಮ ವಾಪಸ್ ಕಳಿಸಿದರೆಂದು ಅಧ್ಯಕ್ಷರಿಗೆ ಹೇಳು ಎಂದೆ. ಅವನು ಹೊಲ ನೋಡಿದ, ಆಕಾಶ ನೋಡಿದ, ನನ್ನನ್ನು ನೋಡಿದ. ಆಮೇಲೆ ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದ. ಹಾಸಿಗೆಯ ಹೊದಿಕೆ ಒಂದು ಮಡಿಕೆ ಸೊಟ್ಟಗಿದ್ದರೆ ನಿದ್ದೆ ಬಾರದವಳು ನಾನು. ಬದುವಿನ ಮೇಲೆ ನಿಂತು ನೋಡಿದೆ. ಹುಲ್ಲು ಹೊಲದ ತುಂಬ ಅಡ್ಡಾದಿಡ್ಡಿ ಹರಡಿಕೊಂಡು ಬಿದ್ದಿತ್ತು.

ಬಿದ್ದಿರಲಿ.